ಜೋಳದ ಪಾಳಿ ಮತ್ತು ಕಾವಲಿಗನ ಸಾವು: ಉದ್ಯಾವರದಿಂದ ಈಸೂರಿನವರೆಗೆ

೧

ಉಡುಪಿಯಿಂದ ತೆಂಕಣಕ್ಕೆ ಹೊರಟವನು ಉದ್ಯಾವರವನ್ನು ದಾಟಿ ಕಾಪುವನ್ನು ಸೇರುತ್ತಾನೆ. ಆ ಊರಿನ ಹೆಸರಿನ ವ್ಯುತ್ಪತ್ತಿ ಏನೇ ಇರಲಿ, ಹಳಗನ್ನಡದಲ್ಲಿ ‘ಕಾಪು’ ಎಂಬ ಮಾತಿಗೆ ಕಾವಲು, ರಕ್ಷಣೆ ಎಂದು ಅರ್ಥ. ‘ಕಾ’ ಎಂಬ ಧಾತುವಿನಿಂದ ಕಾಪು, ಕಾವಲು, ಕಾವಲಿಗ ಎಂಬ ಮಾತುಗಳು ಹುಟ್ಟಿವೆ. ಇದರ ನೆರೆಯಲ್ಲಿಯೇ, ಆದರೆ ಇದರಿಂದ ಬೇರೆಯಾಗಿ, ‘ಕಾದು’ ಎಂಬ ಇನ್ನೊಂದು ಧಾತುವಿದೆ. ಅದರ ಅರ್ಥ ಹೋರಾಡು ಎಂದು. ಹಳಗನ್ನಡದಲ್ಲಿ ‘ಕಾದು’ ಎಂದರೆ ರಕ್ಷಿಸಿ, ‘ಕಾದಿ’ ಎಂದರೆ ಹೋರಾಡಿ. ಒಂದು ಸ್ವರದ ಅಂತರ ಮಾತ್ರ. ವ್ಯಾಕರಣವು ಇವೆರಡನ್ನೂ ಬೇರೆಬೇರೆಯಾಗಿ ಇರಿಸಿದೆ. ಆದರೆ ಕಾಯುವುದಕ್ಕಾಗಿ ನಿಂತು ಕಾದಿ ಮಡಿದವನ ಬಾಳಿನಲ್ಲಿ ಅವೆರಡೂ ಕೂಡಿಬಿಡುತ್ತವೆ.

ಹೀಗೆ ಮಡಿದ ಕಾವಲಿಗನನ್ನು ನಮ್ಮ ಸಾಹಿತ್ಯವೂ ನಮ್ಮ ಜನತೆಯ ನೆನಪೂ ಹೇಗೆ ಕಂಡಿವೆ ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ. ಯುದ್ಧದಲ್ಲಿ ಮಡಿದ ವೀರನ ವಿಷಯವಾಗಿ ನಮ್ಮಲ್ಲಿ ಬೇಕಾದಷ್ಟು ವಿಮರ್ಶೆ ಬೆಳೆದಿದೆ. ಆದರೆ ಊರಿನ ಶಾಂತಿಯನ್ನು ಕಾಯುವ ಅಧಿಕಾರವನ್ನು ಹೊತ್ತು, ಆ ಅಧಿಕಾರವನ್ನು ನಡೆಸುತ್ತಿರುವಾಗಲೇ ಜನರ ಕೈಯಲ್ಲಿ ಸತ್ತವನ ವಿಷಯ ಹಾಗಲ್ಲ. ಅವನನ್ನು ವೀರನೆನ್ನಲು ನಾವು ಹಿಂಜರಿಯುತ್ತೇವೆ. ಖಳನೆನ್ನಲೂ ಮನಸ್ಸು ಪೂರ್ತಿಯಾಗಿ ಒಪ್ಪುವುದಿಲ್ಲ. ಈ ಹಿಂಜರಿಕೆಯ ಮೂಲವೇನೆಂಬುದನ್ನು ಹುಡುಕುವಾಗ ನಮಗೆ ನೆರವಾಗುವುದು ನಮ್ಮ ಪ್ರಾಚೀನರದೇ ಆದ ಒಂದು ಕಲ್ಪನೆ: ಜೋಳದ ಪಾಳಿ.

ಜೋಳದ ಪಾಳಿ ಎಂದರೆ ಉಂಡ ಅನ್ನದ ಋಣವನ್ನು ತೀರಿಸುವ ಧರ್ಮ. ಒಡೆಯನಿಂದ ಜೋಳವನ್ನು ಪಡೆದವನು ಆಪತ್ಕಾಲದಲ್ಲಿ ಒಡೆಯನಿಗಾಗಿ ಪ್ರಾಣವನ್ನು ಕೊಡಬೇಕು. ಪಂಪನ ಕರ್ಣನು ತನ್ನ ಜನ್ಮರಹಸ್ಯವನ್ನು ಅರಿತ ಮೇಲೂ ದುರ್ಯೋಧನನನ್ನು ಬಿಡದೆ ನಿಂತುದು ಈ ಧರ್ಮದ ಬಲದಿಂದ. ಕರ್ಣನ ಪಕ್ಷವು ಅಧರ್ಮದ ಪಕ್ಷವೆಂದು ಕವಿಗೂ ಗೊತ್ತು, ಓದುಗನಿಗೂ ಗೊತ್ತು. ಆದರೂ ಕರ್ಣನು ಬಿದ್ದಾಗ ಓದುಗನ ಕಣ್ಣು ಒದ್ದೆಯಾಗುತ್ತದೆ. ಹಿಡಿದ ಪಕ್ಷದ ಗುಣದೋಷವೇ ಬೇರೆ, ಹಿಡಿದ ಮಾತನ್ನು ನಡೆಸಿದವನ ಗುಣವೇ ಬೇರೆ ಎಂಬ ವಿವೇಕವನ್ನು ಕನ್ನಡ ಕಾವ್ಯವು ಹತ್ತನೆಯ ಶತಮಾನದಲ್ಲಿಯೇ ನಮಗೆ ಕಲಿಸಿಕೊಟ್ಟಿದೆ.

೨

ಮೊದಲು ನಮ್ಮ ನೆರೆಯ ಉದ್ಯಾವರವನ್ನು ನೋಡೋಣ. ಪ್ರಾಚೀನ ಆಳುಪರ ರಾಜಧಾನಿಯಾಗಿದ್ದ ಈ ಊರು ಶಾಸನಗಳಲ್ಲಿ ಉದಯಪುರವೆನಿಸಿಕೊಂಡಿದೆ. ಇಲ್ಲಿಯ ಶಾಸನಗಳನ್ನು ಹುಲ್ಷ್ ಪಂಡಿತರು ಎಪಿಗ್ರಾಫಿಯ ಇಂಡಿಕದ ೯ನೆಯ ಸಂಪುಟದಲ್ಲಿ ಪ್ರಕಟಿಸಿದುದರಿಂದ ಅವು ವಿದ್ವಾಂಸರ ಗಮನಕ್ಕೆ ಬಂದವು. ರಣಸಾಗರ, ಶ್ವೇತವಾಹನ, ಚಿತ್ರವಾಹನ, ಪೃಥ್ವೀಸಾಗರ ಮೊದಲಾದ ಹೆಸರುಗಳು ಅವುಗಳಲ್ಲಿ ಬರುತ್ತವೆ. ಎಂಟನೆಯ ಶತಮಾನದ ಉತ್ತರಾರ್ಧದ ಸುಮಾರಿಗೆ ಆಳುಪ ಮನೆತನದಲ್ಲಿ ಉಂಟಾದ ಒಳಕಲಹದ ಚಿತ್ರವು ಈ ಕಲ್ಲುಗಳಿಂದ ನಮಗೆ ದೊರೆಯುತ್ತದೆ. ಒಬ್ಬ ಅರಸನು ಪಟ್ಟಣವನ್ನು ಹೊಕ್ಕಾಗ ಇನ್ನೊಬ್ಬ ಅರಸನ ಆಳು ಅಡ್ಡಗಟ್ಟಿ ಹೋರಾಡಿ ಸತ್ತು ಸ್ವರ್ಗವನ್ನೇರಿದನು: ಈ ವೀರಶಾಸನಗಳ ಸಾರ ಇಷ್ಟೇ.

ಸಾಹಿತ್ಯದೃಷ್ಟಿಯಿಂದ ಈ ಬರಹಗಳು ತೀರ ಬಡವಾದವು ಎಂದು ಕೆಲವರಿಗೆ ತೋರಬಹುದು. ಅಲಂಕಾರವಿಲ್ಲ; ವರ್ಣನೆಯಿಲ್ಲ; ಸತ್ತವನ ಹೆಸರು, ಅವನು ಯಾರ ಆಳು ಎಂಬ ಸಂಗತಿ, ಅವನು ಬಿದ್ದ ಸಂದರ್ಭ, ಅವನು ಪಡೆದ ಗತಿ, ಇಷ್ಟರಲ್ಲಿ ಎಲ್ಲವೂ ಮುಗಿಯುತ್ತದೆ. ಆದರೆ ಈ ಮಿತಭಾಷಿತ್ವದಲ್ಲಿಯೇ ಒಂದು ನೀತಿ ಅಡಗಿದೆ. ಉದ್ಯಾವರದ ಕಲ್ಲುಗಳಲ್ಲಿ ರಣಸಾಗರನ ಕಡೆಯಲ್ಲಿ ಮಡಿದವರೂ ಇದ್ದಾರೆ, ಅವನ ಎದುರಾಳಿಗಳ ಕಡೆಯಲ್ಲಿ ಮಡಿದವರೂ ಇದ್ದಾರೆ. ಸಿಂಹಾಸನವು ನ್ಯಾಯವಾಗಿ ಯಾರಿಗೆ ಸಲ್ಲಬೇಕಾಗಿತ್ತೆಂಬುದನ್ನು ಆಯಾ ಪಕ್ಷದವರು ತಮತಮಗೆ ತೋರಿದಂತೆ ಭಾವಿಸಿರಬೇಕು. ಆದರೆ ಸತ್ತವನಿಗೆ ಸ್ವರ್ಗವು ದೊರಕಿದ ವಿಷಯದಲ್ಲಿ ಆ ಕಲ್ಲಿಗೂ ಈ ಕಲ್ಲಿಗೂ ಭೇದವಿಲ್ಲ. ಒಂದೇ ಊರಿನ ನೆಲದಲ್ಲಿ, ಒಂದೇ ಭಾಷೆಯಲ್ಲಿ, ಒಂದೇ ಬಗೆಯ ವಾಕ್ಯದಲ್ಲಿ ಎರಡು ಪಕ್ಷದವರೂ ಹೆಸರು ಪಡೆದಿದ್ದಾರೆ.

ಇವರನ್ನು ಇಂದಿನ ಅರ್ಥದಲ್ಲಿ ಪೊಲೀಸರೆಂದು ಕರೆಯುವುದು ಅನುಚಿತ. ಸೈನಿಕ, ಕಾವಲಿಗ, ಸೇವಕ ಎಂಬ ವಿಂಗಡಣೆಯು ಆ ಕಾಲದಲ್ಲಿ ಈಗಿನಷ್ಟು ಸ್ಪಷ್ಟವಾಗಿರಲಿಲ್ಲ. ಆದರೆ ಪಟ್ಟಣದ ಬಾಗಿಲನ್ನು ಕಾಯುತ್ತ ಮಡಿದವನಿಗೆ ಸಮಾಜವು ಸಲ್ಲಿಸಬೇಕಾದುದೇನೆಂಬುದು ಅಂದಿನವರಿಗೆ ತಿಳಿದಿತ್ತು. ಅದು ಹೆಸರಿನಿಂದ ಮಾತ್ರವೇ ತೀರುವ ಸಾಲವಾಗಿರಲಿಲ್ಲ. ಕನ್ನಡನಾಡಿನ ಅನೇಕ ವೀರಶಾಸನಗಳಲ್ಲಿ ತುರುಗೋಳಿನಲ್ಲಿ, ಊರಳಿವಿನಲ್ಲಿ, ಪೆಣ್ಬುಯ್ಯಲಿನಲ್ಲಿ ಮಡಿದವನ ಮನೆಯವರಿಗೆ ಭೂಮಿಯನ್ನು ಬಿಟ್ಟ ಉಲ್ಲೇಖಗಳಿವೆ. ಅದಕ್ಕೆ ನೆತ್ತರುಗೊಡಗೆ ಎಂದು ಹೆಸರು. ಅಳಿದ ಮೇಲೂ ಜೋಳವು ಮನೆಗೆ ಬರುತ್ತಿರಬೇಕು ಎಂಬುದೇ ಅದರ ತಾತ್ಪರ್ಯ. ಜೋಳದ ಪಾಳಿಯು ಆಳಿನ ಕಡೆಯಿಂದ ಮಾತ್ರವಲ್ಲ, ಒಡೆಯನ ಕಡೆಯಿಂದಲೂ ನಡೆಯತಕ್ಕದ್ದು ಎಂಬುದನ್ನು ಈ ಒಂದು ಮಾತು ಸಿದ್ಧಪಡಿಸುತ್ತದೆ.

ಈ ನೀತಿಯು ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಆತಕೂರಿನ ಪ್ರಸಿದ್ಧ ಶಾಸನವು ಸಾಕ್ಷಿ. ಕ್ರಿ. ಶ. ೯೪೯-೫೦ರ ಆ ಕಲ್ಲು ತಕ್ಕೋಲದ ಯುದ್ಧದಲ್ಲಿ ಪರಾಕ್ರಮವನ್ನು ತೋರಿದ ಮಣಲೇರನನ್ನು ಹೊಗಳುವುದರ ಜೊತೆಗೆ, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯನ್ನೂ ಹೆಸರಿಟ್ಟು ನೆನೆಯುತ್ತದೆ. ಆ ನಾಯಿಯ ನೆನಪಿಗೆ ನಿಲ್ಲಿಸಿದ ಕಲ್ಲಿನ ಪೂಜೆಗೆ ಭೂಮಿಯನ್ನೂ ಬಿಡುತ್ತದೆ. ನಿಷ್ಠೆಯಿಂದ ಮಡಿದ ಪ್ರಾಣಿಗೂ ಹೆಸರನ್ನು ನಿರಾಕರಿಸದ ಪರಂಪರೆ ನಮ್ಮದು. ಮುಂದಿನ ವಿಚಾರಕ್ಕೆ ಈ ಸಂಗತಿಯನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದು ಅಗತ್ಯ.

೩

ಶಾಸನದಿಂದ ಕಾವ್ಯಸಾಹಿತ್ಯಕ್ಕೆ ಬಂದರೆ, ನಗರವನ್ನು ಕಾಯುವ ಅಧಿಕಾರಿಯು ‘ತಳಾರ’ನೆಂಬ ಹೆಸರಿನಿಂದ ನಮಗೆ ಎದುರಾಗುತ್ತಾನೆ. ತಳಾರನ ಪಾತ್ರವು ಅತ್ಯಂತ ಜೀವಂತವಾಗಿ ಮೂಡಿರುವುದು ವಡ್ಡಾರಾಧನೆಯಲ್ಲಿ. ಡಿ. ಎಲ್. ನರಸಿಂಹಾಚಾರ್ಯರು ೧೯೪೯ರಲ್ಲಿ ಸಂಪಾದಿಸಿ ಪ್ರಕಟಿಸಿದ ಮೇಲೆ ಈ ಗದ್ಯಕೃತಿಯು ನಮ್ಮ ಪಾಠಪಟ್ಟಿಗಳಲ್ಲಿ ನೆಲೆಯಾಗಿ ನಿಂತಿದೆ. ೧೪೩೨ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಕಾರ್ಕಳದಂತಹ ಜೈನಕ್ಷೇತ್ರವನ್ನು ಹತ್ತಿರದಲ್ಲಿಯೇ ಕಂಡಿರುವ ನಮ್ಮ ವಿದ್ಯಾರ್ಥಿಗಳಿಗೆ ಅದರ ಧಾರ್ಮಿಕ ಹಿನ್ನೆಲೆಯನ್ನು ವಿವರಿಸಬೇಕಾದ ಅಗತ್ಯವಿಲ್ಲ.

ವಿದ್ಯುಚ್ಚೋರನ ಕಥೆಯಲ್ಲಿ ಮಿಥಿಲಾನಗರದ ತಳಾರನಾದ ಯಮದಂಡನು ಬರುತ್ತಾನೆ. ಅವನೂ ಕಳ್ಳನಾದ ವಿದ್ಯುಚ್ಚೋರನೂ ಬಾಲ್ಯದ ಒಡನಾಡಿಗಳು. ಒಬ್ಬನು ಕಾವಲಿನ ವಿದ್ಯೆಯನ್ನೂ ಇನ್ನೊಬ್ಬನು ಕಳವಿನ ವಿದ್ಯೆಯನ್ನೂ ಕಲಿತವರು. ಅರಮನೆಯಲ್ಲಿ ಕಳವಾದಾಗ ಅರಸನು ತಳಾರನಿಗೆ ಏಳು ದಿನಗಳ ಅವಧಿಯನ್ನು ಕೊಡುತ್ತಾನೆ. ಆ ಅವಧಿಯೊಳಗೆ ಕಳ್ಳನು ಸಿಕ್ಕದಿದ್ದರೆ ತಳಾರನ ತಲೆಯೇ ಹೋಗಬೇಕು. ಹಗಲಿನಲ್ಲಿ ಕುಷ್ಠರೋಗಿಯ ವೇಷದಲ್ಲಿ ಬಿದ್ದುಕೊಂಡಿದ್ದು ಇರುಳಿನಲ್ಲಿ ಕಳವಿಗೆ ಹೊರಡುವ ವಿದ್ಯುಚ್ಚೋರನನ್ನು ಯಮದಂಡನು ಹಿಡಿದು ತರುತ್ತಾನೆ. ಎಷ್ಟು ದಂಡಿಸಿದರೂ ಅವನು ಒಪ್ಪಿಕೊಳ್ಳುವುದಿಲ್ಲ. ಕೊನೆಗೆ ಅರಸನಿಂದ ಅಭಯವನ್ನು ಪಡೆದ ಮೇಲೆ ನಿಜವನ್ನು ಹೇಳುತ್ತಾನೆ.

ಈ ಕಥೆಯಲ್ಲಿ ಯಮದಂಡನು ಸಾಯುವುದಿಲ್ಲ ನಿಜ. ಆದರೆ ಅವನ ಸಾವಿನ ನೆರಳು ಕಥೆಯ ಮೇಲೆ ಹರಡಿಕೊಂಡಿದೆ. ಆ ನೆರಳು ಬೀಳುವುದು ಎಲ್ಲಿಂದ ಎಂಬುದು ವಿಚಾರಾರ್ಹವಾದ ಸಂಗತಿ. ಕಳ್ಳನ ಕತ್ತಿಯಿಂದಲ್ಲ, ಅರಸನ ಆಜ್ಞೆಯಿಂದ. ತಳಾರನು ಎರಡು ಭಯಗಳ ನಡುವೆ ನಿಂತವನು: ಎದುರಿನಲ್ಲಿ ಅಪರಾಧಿ, ಹಿಂದೆ ಒಡೆಯ. ಯುದ್ಧವೀರನಿಗೆ ಈ ಸಂಕಟವಿಲ್ಲ. ಅವನ ಶತ್ರು ಮುಂದೆ ಇರುತ್ತಾನೆ, ಒಡೆಯನು ಬೆನ್ನಿಗಿರುತ್ತಾನೆ. ಕಾವಲಿಗನ ಎದುರಿನಲ್ಲಿ ನಿಂತವನು ಕೆಲವು ವೇಳೆ ಅವನ ಬಾಲ್ಯದ ಗೆಳೆಯ, ಅವನದೇ ಭಾಷೆಯನ್ನು ಆಡುವವನು, ಅವನಂತೆಯೇ ಹಸಿವುಳ್ಳವನು. ವಡ್ಡಾರಾಧನೆಯ ಕರ್ತೃವು ಕಳ್ಳನನ್ನೂ ತಳಾರನನ್ನೂ ಒಡನಾಡಿಗಳೆಂದು ಕಲ್ಪಿಸಿದುದು ಕಥೆಯ ಚಮತ್ಕಾರಕ್ಕಾಗಿ ಮಾತ್ರವೇ ಇರಲಾರದು.

೪

ತುಳುನಾಡಿನ ಪಾಡ್ದನಗಳಲ್ಲಿ ದೃಷ್ಟಿಯು ಬದಲಾಗುತ್ತದೆ. ಕೋಟಿ ಚೆನ್ನಯರ ಪಾಡ್ದನದಲ್ಲಿ ಪಡುಮಲೆಯ ಬಲ್ಲಾಳನ ಕೈಕೆಳಗಿನ ಬುದ್ಯಂತನು ಗದ್ದೆಯ ವಿಷಯವಾಗಿ ಹುಟ್ಟಿದ ಕಲಹದಲ್ಲಿ ಅವಳಿವೀರರ ಕೈಯಿಂದ ಹತನಾಗುತ್ತಾನೆ. ಪಾಡ್ದನದ ಕೆಲವು ಪಾಠಗಳಲ್ಲಿ, ಪಡುಮಲೆಯನ್ನು ಬಿಟ್ಟು ಹೊರಟ ವೀರರನ್ನು ಸುಂಕದ ಕಟ್ಟೆಯಲ್ಲಿ ತಡೆದ ದೇರೆ ಎಂಬವನಿಗೂ ಅದೇ ಗತಿಯಾಗುತ್ತದೆ. ಅವಳಿವೀರರು ಇಂದಿಗೂ ನಮ್ಮ ಗರಡಿಗಳಲ್ಲಿ ಪೂಜೆಗೊಳ್ಳುತ್ತಿದ್ದಾರೆ. ಅವರಿಗೆ ಅನ್ಯಾಯವಾಯಿತು, ಅವರು ಅನ್ಯಾಯವನ್ನು ಸಹಿಸಲಿಲ್ಲ ಎಂಬುದೇ ಆ ಪೂಜೆಯ ಜೀವಾಳ. ಆ ಭಾವನೆಯು ಸತ್ಯವಾದುದು, ಪೂಜ್ಯವಾದುದು. ಬುದ್ಯಂತನ ಮತ್ಸರವನ್ನು ಪಾಡ್ದನವು ಮರೆಮಾಡಿಲ್ಲ. ಆದುದರಿಂದ ಅವನ ಸಾವಿಗೆ ಶ್ರೋತೃವು ಮರುಗದಿರುವುದು ಸಹಜ.

ಆದರೆ ಸುಂಕದವನ ವಿಷಯ ಸ್ವಲ್ಪ ಬೇರೆ. ಅವನಿಗೆ ವೀರರೊಡನೆ ಹಳೆಯ ಹಗೆಯಿಲ್ಲ. ದಾರಿಯಲ್ಲಿ ಹೋಗುವವರನ್ನು ತಡೆದು ಸುಂಕವನ್ನು ಕೇಳುವುದು ಅವನ ನಿಯೋಗ. ಅವನು ಕೇಳಿದನು, ಸತ್ತನು. ಪಾಡ್ದನವು ಅವನನ್ನು ದಾಟಿ ಮುಂದೆ ಹೋಗುತ್ತದೆ. ಏಕೆಂದರೆ ಅದು ಅವಳಿವೀರರ ಕಥೆ. ಇದನ್ನು ಪಾಡ್ದನದ ದೋಷವೆಂದು ಹೇಳಲಾಗದು. ಮೌಖಿಕ ಮಹಾಕಾವ್ಯದ ದೃಷ್ಟಿಯು ತನ್ನ ನಾಯಕನ ಹೆಗಲ ಮೇಲಿನಿಂದಲೇ ಲೋಕವನ್ನು ನೋಡುತ್ತದೆ. ಆದರೆ ವಿಮರ್ಶಕನು ನಾಯಕನ ಹೆಗಲನ್ನು ಬಿಟ್ಟಿಳಿದು, ದಾರಿಯಲ್ಲಿ ಬಿದ್ದವನ ಹತ್ತಿರ ಒಂದು ಕ್ಷಣ ನಿಲ್ಲಬೇಕು. ವೀರಗಲ್ಲು ನಿಂತಿದ್ದುದು ಅಲ್ಲಿ, ಪಾಡ್ದನವು ನಿಲ್ಲಲಿಲ್ಲ. ಪಕ್ಷಭೇದವಿಲ್ಲದೆ ಹೆಸರಿಡುವ ಕಲ್ಲಿನ ರೀತಿ ಒಂದು, ನ್ಯಾಯದ ಪಕ್ಷವನ್ನು ಹಿಡಿದು ಹಾಡುವ ಹಾಡಿನ ರೀತಿ ಇನ್ನೊಂದು: ಇವೆರಡೂ ನಮ್ಮ ಪರಂಪರೆಯಲ್ಲಿವೆ. ಆಧುನಿಕ ಕಾಲದ ಒಂದು ಘಟನೆಯಲ್ಲಿ ಈ ಎರಡು ರೀತಿಗಳೂ ಮುಖಾಮುಖಿಯಾಗಿ ನಿಲ್ಲುವುದನ್ನು ಇನ್ನು ಕಾಣಬೇಕು.

೫

ಆ ಘಟನೆಗಾಗಿ ನಾವು ಆಗುಂಬೆಯ ಘಟ್ಟವನ್ನೇರಿ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿಗೆ ಹೋಗಬೇಕು. ೧೯೪೨ರಲ್ಲಿ ಉಡುಪಿ ಕಾರ್ಕಳಗಳು ಮದರಾಸು ಪ್ರಾಂತಕ್ಕೆ ಸೇರಿದ್ದವು. ಶಿಕಾರಿಪುರವು ಮೈಸೂರು ಸಂಸ್ಥಾನದ್ದು. ಆ ವರ್ಷದ ಆಗಸ್ಟ್ ತಿಂಗಳಿನಲ್ಲಿ ಹೊರಟ ‘ಭಾರತ ಬಿಟ್ಟು ತೊಲಗಿ’ ಎಂಬ ಕರೆಯು ಈ ಎರಡು ಸೀಮೆಗಳನ್ನೂ ಮುಟ್ಟಿತು. ಈಸೂರು ಎಂಬ ಹಳ್ಳಿಯ ಜನರು ಸರ್ಕಾರಕ್ಕೆ ಕಂದಾಯವನ್ನು ಕೊಡುವುದಿಲ್ಲವೆಂದು ನಿಶ್ಚಯಿಸಿದರು. ವಸೂಲಿಗೆ ಬಂದವರಿಂದ ಲೆಕ್ಕದ ಪುಸ್ತಕಗಳನ್ನು ಕಿತ್ತುಕೊಂಡರು. ವೀರಭದ್ರನ ಗುಡಿಯ ಮೇಲೆ ಧ್ವಜವನ್ನು ಏರಿಸಿದರು. ಬೇಜವಾಬ್ದಾರಿ ಸರ್ಕಾರದ ಅಧಿಕಾರಿಗಳು ಊರೊಳಗೆ ಬರಬಾರದೆಂಬ ಫಲಕವನ್ನು ಊರಬಾಗಿಲಿನಲ್ಲಿ ಕಟ್ಟಿದರು. ಎಷ್ಟು ಊರುಗಳನ್ನು ಕೊಟ್ಟರೂ ಈಸೂರನ್ನು ಕೊಡೆವು ಎಂಬರ್ಥದ ಅವರ ಘೋಷಣೆಯು ಇಂದಿಗೂ ನಾಡಿನ ನಾಲಗೆಯ ಮೇಲಿದೆ.

೧೯೪೨ರ ಸೆಪ್ಟೆಂಬರ್ ೨೮ರಂದು ಶಿಕಾರಿಪುರದ ಅಮಲ್ದಾರ ಚೆನ್ನಕೃಷ್ಣಪ್ಪನವರೂ ಸಬ್ ಇನ್ಸ್‌ಪೆಕ್ಟರ್ ಕೆಂಚೇಗೌಡರೂ ಪೊಲೀಸರೊಡನೆ ಈಸೂರಿಗೆ ಬಂದರು. ಊರವರು ಅವರಿಗೆ ಗಾಂಧಿ ಟೋಪಿಯನ್ನು ಧರಿಸುವಂತೆ ಹೇಳಿದರೆಂದೂ ಅದರಿಂದ ಮಾತು ಬೆಳೆಯಿತೆಂದೂ ವೃತ್ತಾಂತಗಳು ಹೇಳುತ್ತವೆ. ಘರ್ಷಣೆಯುಂಟಾಯಿತು. ಆ ಗಲಭೆಯಲ್ಲಿ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಜನರ ಕೈಯಿಂದ ಹತರಾದರು. ಅನಂತರ ಸೈನ್ಯವು ಬಂದಿತು, ಊರು ಸೂರೆಹೋಯಿತು, ಜನರು ಕಾಡಿಗೆ ಓಡಿದರು. ವಿಚಾರಣೆ ನಡೆದು ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ೧೯೪೩ರ ಮಾರ್ಚ್ ತಿಂಗಳಿನಲ್ಲಿ ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಇನ್ನು ಅನೇಕರು ಸೆರೆವಾಸವನ್ನು ಅನುಭವಿಸಿದರು.

ಈ ಐವರ ಸ್ಥಾನವು ನಮ್ಮ ಚರಿತ್ರೆಯಲ್ಲಿ ಪ್ರಶ್ನಾತೀತವಾದುದು. ಪ್ರಕೃತ ಲೇಖನವು ಅದನ್ನು ಕಿಂಚಿತ್ತೂ ಕಡಮೆಮಾಡಲು ಹೊರಟಿಲ್ಲ. ಪ್ರಶ್ನೆಯಿರುವುದು ಇನ್ನಿಬ್ಬರ ವಿಷಯವಾಗಿ. ಈಸೂರಿನ ವೃತ್ತಾಂತವನ್ನು ನಾವು ಸಾಮಾನ್ಯವಾಗಿ ಹೇಳುವ ಕ್ರಮದಲ್ಲಿ ಚೆನ್ನಕೃಷ್ಣಪ್ಪ, ಕೆಂಚೇಗೌಡ ಎಂಬ ಹೆಸರುಗಳು ಒಂದು ವಾಕ್ಯದಲ್ಲಿ ಬಂದು ಅದೇ ವಾಕ್ಯದಲ್ಲಿ ಮುಗಿಯುತ್ತವೆ. ಅವರು ಬರುವುದು ಸಾಯುವುದಕ್ಕಾಗಿ. ನ್ಯಾಯಸ್ಥಾನದ ಭಾಷೆಯಲ್ಲಿ ಅವರು ‘ಮೃತರು’, ಎಂದರೆ ಅಪರಾಧವೊಂದಕ್ಕೆ ಆಧಾರ. ಜನರ ಭಾಷೆಯಲ್ಲಿ ಅವರು ಸರ್ಕಾರದ ಕೈ. ಎರಡರಲ್ಲಿಯೂ ಮನುಷ್ಯನ ಮುಖವು ಕಾಣುವುದಿಲ್ಲ. ಪಾಡ್ದನದ ಸುಂಕದವನಿಗೆ ಒದಗಿದ ಗತಿಯೇ ಇವರಿಗೂ ಒದಗಿತು.

೬

ಇವರನ್ನು ಸರಿಯಾಗಿ ಕಾಣಬೇಕಾದರೆ ಜೋಳದ ಪಾಳಿಯ ಪ್ರಶ್ನೆಯನ್ನು ಕೇಳಬೇಕು. ಕೆಂಚೇಗೌಡರು ಯಾರ ಜೋಳವನ್ನು ಉಂಡವರು? ಸಂಸ್ಥಾನದ ಜೋಳವನ್ನು ಎಂದು ಒಡನೆಯೇ ಉತ್ತರ ಬರುತ್ತದೆ. ಸಂಸ್ಥಾನವು ಸಂಬಳವನ್ನು ಕೊಟ್ಟಿತು, ಸಮವಸ್ತ್ರವನ್ನು ಕೊಟ್ಟಿತು, ಹೋಗೆಂದು ಆಜ್ಞೆಮಾಡಿತು, ಅವರು ಹೋದರು. ಕರ್ಣನ ನ್ಯಾಯದಿಂದ ನೋಡಿದರೆ ಇಷ್ಟಕ್ಕೇ ಅವರು ಗೌರವಾರ್ಹರು.

ಆದರೆ ಸಂಸ್ಥಾನಕ್ಕೆ ಆ ಜೋಳವು ಎಲ್ಲಿಂದ ಬಂದಿತು? ಈಸೂರಿನಂತಹ ಹಳ್ಳಿಗಳ ಕಂದಾಯದಿಂದ. ಉದ್ಯಾವರದ ಆಳಿಗೆ ಒಡೆಯನೊಬ್ಬನೇ. ಅವನ ಮಾತು ನೇರವಾದುದು. ಆಧುನಿಕ ರಾಜ್ಯದ ಅಧಿಕಾರಿಗೆ ಒಡೆಯರು ಇಬ್ಬರು. ಆಜ್ಞೆಮಾಡುವವನು ಒಬ್ಬ, ಅನ್ನವಿಕ್ಕುವವನು ಇನ್ನೊಬ್ಬ. ಸಾಮಾನ್ಯ ಕಾಲದಲ್ಲಿ ಈ ಭೇದವು ಮರೆಯಾಗಿರುತ್ತದೆ. ಕಂದಾಯವನ್ನು ಕೊಡೆವು ಎಂದು ಈಸೂರಿನವರು ಹೇಳಿದ ದಿನ ಆ ಮರೆಯು ಹರಿಯಿತು. ‘ನಿಮಗೆ ಜೋಳವನ್ನು ಅಳೆಯುತ್ತಿದ್ದವರು ನಾವು, ಇನ್ನು ಅಳೆಯುವುದಿಲ್ಲ’ ಎಂಬುದು ಆ ನಿಶ್ಚಯದ ಇಂಗಿತ. ಆ ಮಾತು ಸರ್ಕಾರಕ್ಕೆ ಹೇಳಿದುದಾದರೂ ಅದರ ಪೆಟ್ಟು ತಗಲಿದುದು ಸರ್ಕಾರದ ಪರವಾಗಿ ಊರಬಾಗಿಲಿಗೆ ಬಂದು ನಿಂತವರಿಗೆ.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಸ್ವತಂತ್ರವೆಂದು ಸಾರಿಕೊಂಡ ಈಸೂರಿನ ಜನರು ಅಧಿಕಾರಿಗಳೇ ಇಲ್ಲದ ಊರೊಂದನ್ನು ಬಯಸಲಿಲ್ಲ. ತಮ್ಮ ಊರಿನ ಇಬ್ಬರು ಹುಡುಗರನ್ನು ಆರಿಸಿ ಒಬ್ಬನನ್ನು ಅಮಲ್ದಾರನೆಂದೂ ಇನ್ನೊಬ್ಬನನ್ನು ಸಬ್ ಇನ್ಸ್‌ಪೆಕ್ಟರನೆಂದೂ ನೇಮಿಸಿಕೊಂಡರು. ಇದನ್ನು ಮಕ್ಕಳಾಟವೆಂದು ನಕ್ಕು ಬಿಡುವವರು ಅದರ ಅರ್ಥವನ್ನು ಕಳೆದುಕೊಳ್ಳುತ್ತಾರೆ. ಅವರ ಕಲಹವು ಕಾವಲಿನೊಡನೆ ಅಲ್ಲ, ಆ ಕಾವಲು ಯಾರಿಗೆ ಉತ್ತರವಾದಿ ಎಂಬ ವಿಷಯದಲ್ಲಿ. ಅಂದು ಈಸೂರಿಗೆ ಇಬ್ಬರು ಅಮಲ್ದಾರರು, ಇಬ್ಬರು ಸಬ್ ಇನ್ಸ್‌ಪೆಕ್ಟರರು ಇದ್ದರು: ಒಂದು ಜೊತೆ ಸಂಸ್ಥಾನದ ನೇಮಕ, ಇನ್ನೊಂದು ಜೊತೆ ಊರಿನ ನೇಮಕ. ಉದಯಪುರಕ್ಕೆ ಇಬ್ಬರು ಅರಸರಿದ್ದ ದಿನವನ್ನು ಇದು ನೆನಪಿಗೆ ತಾರದಿರದು. ಸೆಪ್ಟೆಂಬರ್ ೨೮ರಂದು ಸಂಧಿಸಿದುವು ಧರ್ಮ ಅಧರ್ಮಗಳೆಂದು ಹೇಳುವುದು ಸುಲಭ. ಸಂಧಿಸಿದುವು ಎರಡು ಋಣಗಳು ಎಂದು ಹೇಳುವುದು ಸತ್ಯಕ್ಕೆ ಹೆಚ್ಚು ಸಮೀಪ.

ಅಲಂಕಾರಶಾಸ್ತ್ರದ ಕಡೆಯಿಂದಲೂ ಇದನ್ನು ಪರಿಶೀಲಿಸಬಹುದು. ಎದುರಾಳಿಯ ವಂಶ, ವೀರ್ಯ, ವಿದ್ಯೆಗಳನ್ನು ವರ್ಣಿಸಿ, ಅಂತಹವನನ್ನು ಗೆದ್ದ ನಾಯಕನ ಉತ್ಕರ್ಷವನ್ನು ಹೇಳುವುದು ತನಗೆ ರುಚಿಸುತ್ತದೆಂದು ದಂಡಿಯು ಹೇಳಿದ್ದಾನೆ. ಪ್ರತಿನಾಯಕನನ್ನು ಹುಲ್ಲುಬೊಂಬೆಯಾಗಿ ಮಾಡಿದರೆ ನಾಯಕನ ಉತ್ಸಾಹವೂ ಹಗುರವಾಗುತ್ತದೆ. ಈಸೂರಿನ ವೃತ್ತಾಂತದಲ್ಲಿ ಅಧಿಕಾರಿಗಳನ್ನು ಮುಖವಿಲ್ಲದವರನ್ನಾಗಿ ಮಾಡಿದುದರಿಂದ ಗಲ್ಲಿಗೇರಿದ ಐವರಿಗೇ ನಷ್ಟವಾಗಿದೆ ಎಂದು ನಾನು ಭಾವಿಸುತ್ತೇನೆ. ಅವರು ತೆತ್ತ ಬೆಲೆಯು ಎಷ್ಟೆಂಬುದು ತಿಳಿಯಬೇಕಾದರೆ, ಆ ದಿನ ಆ ನೆಲದಲ್ಲಿ ನಡೆದುದು ಎಷ್ಟು ಭಯಂಕರವಾದುದೆಂಬುದೂ ತಿಳಿಯಬೇಕು. ಪರದೇಶದ ದೊರೆಯನ್ನು ಎದುರಿಸುವುದು ಒಂದು ಬಗೆ. ಚೆನ್ನಕೃಷ್ಣಪ್ಪ, ಕೆಂಚೇಗೌಡ ಎಂದು ನಮ್ಮ ಹಳ್ಳಿಗಳಲ್ಲಿಯೇ ಕೇಳಿಬರುವ ಹೆಸರುಳ್ಳವರನ್ನು, ಕನ್ನಡದಲ್ಲಿಯೇ ಮಾತನಾಡುವವರನ್ನು ಎದುರಿಸುವುದು ಇನ್ನೊಂದು ಬಗೆ. ಈ ಎರಡನೆಯದರಲ್ಲಿ ವೀರದೊಡನೆ ಕರುಣವೂ ಬೆರೆಯದಿದ್ದರೆ ಕಥನವು ಅಪೂರ್ಣವಾಗಿಯೇ ಉಳಿಯುತ್ತದೆ.

೭

ಈ ವಾದಕ್ಕೆ ಒಂದು ಬಲವಾದ ಆಕ್ಷೇಪವುಂಟು. ಅಧಿಕಾರದ ಬಲವುಳ್ಳವನನ್ನೂ ಅದರಿಂದ ಪೀಡಿತನಾದವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ನ್ಯಾಯಾನ್ಯಾಯಗಳ ಭೇದವೇ ಅಳಿಸಿಹೋಗುವುದಿಲ್ಲವೇ? ಆಜ್ಞೆಯನ್ನು ಪಾಲಿಸಿದೆನೆಂಬ ಮಾತಿನ ಮರೆಯಲ್ಲಿ ಎಷ್ಟೋ ಕ್ರೌರ್ಯಗಳು ನಡೆದಿಲ್ಲವೇ? ಈ ಆಕ್ಷೇಪವನ್ನು ಹಗುರವಾಗಿ ಕಾಣುವಂತಿಲ್ಲ. ವೀರಗಲ್ಲಿನ ನೀತಿಗೆ ಒಂದು ಮಿತಿಯಿದೆ: ಅದು ಹೆಸರಿಡುತ್ತದೆ, ತೂಗುವುದಿಲ್ಲ. ರಣಸಾಗರನ ಆಳು ಯಾವ ಪಕ್ಷದಲ್ಲಿ ಮಡಿದನೆಂಬುದನ್ನು ಕಲ್ಲು ಹೇಳುತ್ತದೆ, ಆ ಪಕ್ಷವು ಸರಿಯೇ ಎಂದು ಕೇಳುವುದಿಲ್ಲ. ಪ್ರಜಾಪ್ರಭುತ್ವದಲ್ಲಿ ಬಾಳುವ ನಾವು ಕೇಳದೆ ಇರಲಾಗದು. ಜೋಳದ ಪಾಳಿಯೊಂದನ್ನೇ ಧರ್ಮವೆಂದು ಹಿಡಿದರೆ ಎಂತಹ ಆಜ್ಞೆಗೂ ಸಮರ್ಥನೆ ದೊರೆತುಬಿಡುತ್ತದೆ.

ಆದರೆ ತೂಗುವುದಕ್ಕೆ ಮೊದಲು ಹೆಸರಿಡಬೇಕು. ಹೆಸರಿಲ್ಲದವನನ್ನು ತೂಗುವುದು ಹೇಗೆ? ಉತ್ತರಪ್ರದೇಶದ ಚೌರಿಚೌರಾದ ಸಂಗತಿಯು ಇಲ್ಲಿ ನೆರವಿಗೆ ಬರುತ್ತದೆ. ೧೯೨೨ರ ಫೆಬ್ರವರಿ ೪ರಂದು ಅಲ್ಲಿಯ ಠಾಣೆಗೆ ಜನರು ಬೆಂಕಿಯಿಟ್ಟಾಗ ಇಪ್ಪತ್ತಕ್ಕಿಂತ ಹೆಚ್ಚು ಮಂದಿ ಪೊಲೀಸರು ಸತ್ತರು. ಅನಂತರ ೧೯ ಮಂದಿ ಗಲ್ಲಿಗೇರಿದರು. ಆ ಸಾವುಗಳ ಹೊಣೆಯನ್ನು ತಾವೂ ಹೊತ್ತುಕೊಂಡ ಗಾಂಧೀಜಿಯವರು ಅಸಹಕಾರ ಚಳವಳಿಯನ್ನೇ ನಿಲ್ಲಿಸಿ ಐದು ದಿನ ಉಪವಾಸವನ್ನು ಕೈಕೊಂಡರು. ಪರಕೀಯ ಸರ್ಕಾರದ ಪೊಲೀಸರು ಎಂಬ ಕಾರಣದಿಂದ ಅವರ ಸಾವನ್ನು ಲೆಕ್ಕದಿಂದ ಬಿಡಲಿಲ್ಲ. ಸರ್ಕಾರವನ್ನು ಎದುರಿಸುವ ಹಟವನ್ನೂ ಅವರು ಎಂದೆಂದಿಗೂ ಬಿಡಲಿಲ್ಲ. ಇಂದು ಚೌರಿಚೌರಾದಲ್ಲಿ ಸತ್ತ ಪೊಲೀಸರಿಗೊಂದು, ಗಲ್ಲಿಗೇರಿದವರಿಗೊಂದು, ಹೀಗೆ ಎರಡು ಸ್ಮಾರಕಗಳಿವೆ. ಎರಡನ್ನೂ ಎರಡು ಬೇರೆ ಪ್ರಭುತ್ವಗಳು ಕಟ್ಟಿದುವು. ಆದರೆ ನೋಡುವವನ ಕಣ್ಣಿಗೆ ಅವು ಒಂದೇ ಊರಿನಲ್ಲಿವೆ. ಉದ್ಯಾವರದ ಕಲ್ಲುಗಳನ್ನು ನೋಡಿದವನಿಗೆ ಈ ದೃಶ್ಯವು ಅಪರಿಚಿತವೆನಿಸುವುದಿಲ್ಲ.

ಸ್ವತಂತ್ರ ಭಾರತವೂ ತನ್ನ ಕಾವಲಿಗರನ್ನು ನೆನೆಯುತ್ತದೆ. ೧೯೫೯ರ ಅಕ್ಟೋಬರ್ ೨೧ರಂದು ಲಡಾಖಿನ ಹಾಟ್ ಸ್ಪ್ರಿಂಗ್ಸ್ ಎಂಬಲ್ಲಿ ಚೀನೀ ಸೈನಿಕರ ಗುಂಡಿಗೆ ೧೦ ಮಂದಿ ಪೊಲೀಸರು ಬಲಿಯಾದರು. ಆ ದಿನವನ್ನು ಪೊಲೀಸ್ ಹುತಾತ್ಮರ ದಿನವೆಂದು ಪ್ರತಿವರ್ಷವೂ ಆಚರಿಸುತ್ತಾರೆ. ೨೦೧೮ರ ಅದೇ ದಿನ ದೆಹಲಿಯಲ್ಲಿ ರಾಷ್ಟ್ರೀಯ ಪೊಲೀಸ್ ಸ್ಮಾರಕವು ಲೋಕಾರ್ಪಣೆಯಾಯಿತು; ಅದರ ಗೋಡೆಯ ಮೇಲೆ ಸ್ವಾತಂತ್ರ್ಯಾನಂತರ ಕರ್ತವ್ಯದಲ್ಲಿ ಮಡಿದ ಸಾವಿರಾರು ಪೊಲೀಸರ ಹೆಸರುಗಳನ್ನು ಕೆತ್ತಿದ್ದಾರೆ. ಇದು ನಮ್ಮ ಕಾಲದ ವೀರಗಲ್ಲು. ಆದರೆ ಅದರ ಲೆಕ್ಕವು ೧೯೪೭ರಿಂದ ಮೊದಲಾಗುತ್ತದೆ. ೧೯೪೨ರಲ್ಲಿ ಮಡಿದ ಸಬ್ ಇನ್ಸ್‌ಪೆಕ್ಟರನು ಆ ಗೆರೆಯ ಆಚೆಗೆ ಉಳಿಯುತ್ತಾನೆ. ರಾಷ್ಟ್ರವು ತನ್ನ ಜೋಳವನ್ನು ಉಂಡವರನ್ನು ನೆನೆಯುವುದು ಸಹಜವೇ ಸರಿ, ಅದನ್ನು ಆಕ್ಷೇಪಿಸಲಾಗದು. ಆದರೆ ಹಳೆಯ ಒಡೆಯನು ಹೋಗಿಬಿಟ್ಟ ಮೇಲೆ, ಅವನ ಆಳಾಗಿ ಸತ್ತವನ ನೆತ್ತರುಗೊಡಗೆಯನ್ನು ತೆರುವವರು ಯಾರು? ಪ್ರಭುತ್ವವು ಬಿಟ್ಟುದನ್ನು ಎತ್ತಿಕೊಳ್ಳುವುದು ಸಾಹಿತ್ಯದ ಕೆಲಸ. ಕುರುಕುಲವು ಅಳಿದ ಎಷ್ಟೋ ಕಾಲದ ಮೇಲೆ ಕರ್ಣನ ಋಣವನ್ನು ತೀರಿಸಿದವನು ಪಂಪನಲ್ಲವೇ?

೮

ಇಷ್ಟರಿಂದ ಫಲಿತವಾಗುವುದನ್ನು ಸಂಗ್ರಹಿಸಿ ಹೇಳಬಹುದು. ಕಾವಲಿಗನ ಸಾವನ್ನು ಓದಲು ನಮ್ಮ ಪರಂಪರೆಯು ಮೂರು ಪಾಠಗಳನ್ನು ಕೊಟ್ಟಿದೆ. ಪಕ್ಷವು ಯಾವುದಾದರೂ ಇರಲಿ ಸತ್ತವನಿಗೆ ಹೆಸರು ಸಲ್ಲಬೇಕೆಂಬುದು ವೀರಗಲ್ಲಿನ ಪಾಠ. ಅವನು ಎರಡು ಭಯಗಳ ನಡುವೆ ನಿಂತವನೆಂಬುದು ವಡ್ಡಾರಾಧನೆಯ ಪಾಠ. ಅನ್ಯಾಯಕ್ಕೆ ಗುರಿಯಾದವರ ಹಾಡನ್ನು ಯಾವ ಕರುಣೆಯೂ ಅಡಗಿಸಕೂಡದೆಂಬುದು ಪಾಡ್ದನದ ಪಾಠ. ಈಸೂರಿನ ವಿಷಯದಲ್ಲಿ ನಾವು ಮೂರನೆಯದನ್ನು ಚೆನ್ನಾಗಿ ಕಲಿತೆವು. ಮೊದಲಿನ ಎರಡನ್ನು ಮರೆತೆವು. ಮೂರನ್ನೂ ಕೂಡಿಸಿ ಬರೆಯಬಲ್ಲ ಕವಿಗೆ, ಕಾದಂಬರಿಕಾರನಿಗೆ ಈ ವಸ್ತುವು ಇಂದಿಗೂ ಕಾದಿದೆ.

ನಮ್ಮ ಕಾಲೇಜುಗಳ ಅಧ್ಯಾಪಕರಲ್ಲಿ ಒಂದು ಸೂಚನೆ. ಮಣಿಪಾಲದಿಂದಾಗಲಿ ಕಾರ್ಕಳದಿಂದಾಗಲಿ ಉದ್ಯಾವರವು ದೂರವಲ್ಲ. ಶಾಸನಸಾಹಿತ್ಯವನ್ನು ಪಾಠ ಹೇಳುವಾಗ ವಿದ್ಯಾರ್ಥಿಗಳನ್ನು ಒಮ್ಮೆ ಆ ಊರಿಗೆ ಕರೆದೊಯ್ದು, ಒಂದೇ ನೆಲದಲ್ಲಿ ಎರಡು ಪಕ್ಷದವರನ್ನೂ ಕಾದಿಟ್ಟ ಆ ಅಕ್ಷರಗಳ ಅರ್ಥವನ್ನು ಅಲ್ಲಿಯೇ ವಿವರಿಸುವುದು ಒಳ್ಳೆಯದು. ಅಲ್ಲಿಂದ ಹಿಂದಿರುಗಿದ ಮೇಲೆ ಈಸೂರಿನ ಕಥೆಯನ್ನು ಅವರಿಂದಲೇ ಬರೆಸಬೇಕು. ಗಲ್ಲಿಗೇರಿದ ಐವರ ಹೆಸರುಗಳನ್ನೂ, ಊರಬಾಗಿಲಿನೊಳಗೆ ಬಿದ್ದ ಇಬ್ಬರ ಹೆಸರುಗಳನ್ನೂ ಬರೆಸಬೇಕು. ಆ ಏಳು ಹೆಸರುಗಳನ್ನು ಯಾವ ಕ್ರಮದಲ್ಲಿ, ಯಾವ ಮಾತಿನಿಂದ ಬರೆಯಬೇಕೆಂಬ ಚರ್ಚೆಯು ತರಗತಿಯಲ್ಲಿ ಹುಟ್ಟಿದರೆ, ಆ ದಿನದ ಪಾಠವು ಸಾರ್ಥಕವಾದಂತೆ.